ಅವ್ವನಿಗಾಗಿ ಅತ್ತವರು

ಕಾಗೆ ತಲೆಗೆ ಹೊಡೆದರೆ ಸಾವು ಹತ್ತಿರ ಬಂತು ಅನ್ನುವವರನ್ನು ಕಂಡರೆ ನಾನು ಅವರ ಮುಖದ ಮೇಲೆಯೇ ನಗುತ್ತಿದ್ದವಳು. ಈಗಲೂ ಅದನ್ನು ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಹೇಳಹೊರಟರೆ ನನ್ನ ಮಾನ ನಾನೇ ಕಳೆದುಕೊಳ್ಳಬೇಕು. ಇರಲಿ, ಅದೇನು ಇವತ್ತು ಹೊಸದಾಗಿ ಹೋಗುವಂಥದ್ದಲ್ಲ.

ನಮ್ಮದು ತಮಿಳು ಸೀಮೆಯ ಕಂಬಂ ಕಣಿವೆಯ ಓಡೈಪಟ್ಟಿ. ತಲೆತಲಾಂತರದಿಂದ ಇಲ್ಲೇ ಬೇಸಾಯ ಮಾಡಿಕೊಂಡಿರುವ ಕನ್ನಡದ ಮನೆ. ಹೊಸ್ತಿಲ ಹೊರಗೆ ತಮಿಳು, ಒಳಗೆ ಅರ್ಧ ತಮಿಳು ಬೆರೆತ ನಮ್ಮ ಕನ್ನಡ. ನನ್ನನ್ನು ದಿಂಡಿಗಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದರು. ಅದು ಕೂಡಿಬರಲಿಲ್ಲ, ವಾಪಸು ಬಂದೆ. ಅಪ್ಪ ತೀರಿಕೊಂಡ ಮೇಲೆ ದ್ರಾಕ್ಷಿ ತೋಟವನ್ನು ಅವ್ವನೂ ನಾನೂ ನೋಡಿಕೊಳ್ಳುತ್ತಿದ್ದೇವೆ. ಊರಲ್ಲಿ ನನಗೆ ಅಪ್ಪ ಇಟ್ಟ ಹೆಸರಿಗಿಂತ ‘ಗಂಡನ್ನ ಬಿಟ್ಟು ಬಂದವಳು’ ಅನ್ನುವುದೇ ಹೆಚ್ಚು ಚಲಾವಣೆಯಲ್ಲಿತ್ತು.

ಅಂಥ ದಿನಗಳಲ್ಲಿ ನನಗೆ ಫೋನಿನೊಳಗೆ ಒಂದು ಲೋಕ ಸಿಕ್ಕಿತು. ಅಲ್ಲಿ ನಮಗೆ ಬೇಕಾದಂಥ ಗೊಂಬೆಯಾಗಿ ಓಡಾಡಬಹುದು, ಮನೆ ಕಟ್ಟಿಕೊಳ್ಳಬಹುದು, ಬೀದಿಯಲ್ಲಿ ಸಿಕ್ಕವರ ಜೊತೆ ಬಾಯಿಬಿಟ್ಟು ಮಾತಾಡಬಹುದು. ಕರ್ನಾಟಕದವರದೇ ಒಂದು ಬೀದಿ ಇತ್ತು. ಆ ಬೀದಿಯಲ್ಲಿ ನಾನು ಮೈಥಿಲಿ. ಮೈಸೂರಿನವಳು, ಮದುವೆಯಾಗದವಳು, ನನಗಿಂತ ಎಷ್ಟೋ ಚಿಕ್ಕವಳು. ಅಲ್ಲಿಯವರ ಮಾತು ಕೇಳಿ ಕೇಳಿಯೇ ಮೈಸೂರಿನ ಕನ್ನಡ ಕಲಿತೆ, ಕನ್ನಡದ ಅಕ್ಷರ ಕಲಿತದ್ದೂ ಅಲ್ಲೇ. ತೋಟದ ಪಂಪ್‌ಸೆಟ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಿದ್ದೆ. ಮನೆಯಲ್ಲಿ ಆ ಹೆಸರು ನನ್ನ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ.

ಅಲ್ಲಿ ನನಗೆ ಹತ್ತಿರವಾದವರು ಹಾಸನದ ಕಡೆಯ ಸರಸಕ್ಕ. ಆ ಬೀದಿಯಲ್ಲಿ ಸ್ವಂತ ಹೆಸರಿನಲ್ಲೇ, ಸ್ವಂತ ವಯಸ್ಸಿನಲ್ಲೇ ಇದ್ದವರು ಬಹುಶಃ ಅವರೊಬ್ಬರೇ. ಒಂದು ದಿನ ‘ನಿಮ್ಮಮ್ಮನ ಹತ್ರ ಒಂದು ಮಾತು ಆಡಿಸೇ’ ಅಂದರು. ಅವ್ವನ ಬಾಯಿಂದ ಒಂದೇ ಒಂದು ಮಾತು ಹೊರಬಿದ್ದಿದ್ದರೆ ಮೈಥಿಲಿ ಅಲ್ಲೇ ಸತ್ತುಹೋಗುತ್ತಿದ್ದಳು. ಅವಳನ್ನು ಉಳಿಸಿಕೊಳ್ಳಬೇಕಿತ್ತಲ್ಲ, ಅವ್ವನನ್ನು ಸಾಯಿಸಿದೆ. ನಾನು ಚಿಕ್ಕವಳಿದ್ದಾಗಲೇ ಹೋದಳು ಎಂದೆ. ನಾನು ಮನೆಗೆ ಹೋಗಿ ಅವ್ವ ಬಡಿಸಿದ್ದನ್ನು ಉಂಡೆ.

ಇದಾಗಿ ಎಷ್ಟೋ ದಿನದ ಮೇಲೆ, ದ್ರಾಕ್ಷಿ ಚಪ್ಪರದಡಿಯಿಂದ ಹೊರಗೆ ಬರುತ್ತಿದ್ದ ಅವ್ವನ ನೆತ್ತಿಗೆ ಕಾಗೆ ಹೊಡೆಯಿತು. ಕಾಗೆ ಹೊಡೆದರೆ ನಮ್ಮವರಲ್ಲಿ ಒಂದು ಪರಿಹಾರವಿದೆ. ದೂರದ ಬಂಧುಗಳಿಗೆ ಆ ಮನುಷ್ಯ ಸತ್ತನೆಂದೇ ಸುದ್ದಿ ಕಳಿಸಬೇಕು. ಅವರು ನಂಬಿ, ಮನಸಾರೆ ಅಳಬೇಕು. ಅತ್ತ ಮೇಲೆ, ಸುಳ್ಳು ಹೇಳಿದವರೇ ಅವರಿಗೆ ನಿಜ ಹೇಳಬೇಕು. ಆ ಕಣ್ಣೀರಿಗೆ ಸಾವು ಕಳೆದುಹೋಗುತ್ತದಂತೆ. ಅವ್ವ ತಲೆಗೆ ನೀರು ಹಾಕಿಕೊಂಡು ಬಂದು, ‘ಸೇದಿ ಕಳ್ಸು ಪಾಪ’ ಅಂದಳು. ಸೇದಿ ಅಂದರೆ ಸುದ್ದಿ, ಪಾಪ ಅಂದರೆ ಮಗು; ಈ ವಯಸ್ಸಿನಲ್ಲೂ ಅವಳಿಗೆ ನಾನು ಪಾಪ.

ಬತ್ತಲಗುಂಡಿನಲ್ಲಿರುವ ಅವ್ವನ ತಮ್ಮನಿಗೆ ಮೆಸೇಜ್ ಹಾಕಿದೆ. ಅವನು ತಕ್ಷಣ ವಿಡಿಯೋ ಕಾಲ್ ಮಾಡಿ, ಹಿಂದೆ ಕೂತಿದ್ದ ಅವ್ವನನ್ನು ಕಂಡು, ‘ಏನಕ್ಕಾ, ಕಾಗೆ ಹೊಡಿತಾ?’ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರ್ಕಯನ್‌ಕೋಟ್ಟೈಯ ಚಿಕ್ಕವ್ವನಿಗೆ ಫೋನು ಮಾಡಿದರೆ, ‘ಬೆಳಗ್ಗೆ ಚಿನ್ನಮನೂರು ಸಂತೇಲಿ ಬದ್ನೆಕಾಯಿಗೆ ಜಗಳ ಆಡ್ತಿದ್ಲು, ಅಷ್ಟ್ರಲ್ಲಿ ಸತ್ಲಾ?’ ಅಂದಳು. ಅಳಬೇಕಾದವರೆಲ್ಲ ನಕ್ಕರು. ನನಗೂ ನಗು ಬಂತು.

ಅವ್ವನಿಗೆ ಬರಲಿಲ್ಲ. ಗಂಜಿ ಮುಟ್ಟದೆ ಜಗುಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ‘ನಂಗೆ ಅಂತ ಅಳಕ್ಕೆ ಒಬ್ಳೂ ಇಲ್ವಲ್ಲ ಪಾಪ’ ಅಂದಳು. ಡಾಕ್ಟರು ಬಂದು ನೋಡಿ ಏನೂ ಇಲ್ಲ ಅಂದರು. ಆದರೂ ದಿನದಿಂದ ದಿನಕ್ಕೆ ಅವಳು ಇಳಿದುಹೋಗುತ್ತಿದ್ದಳು, ಎತ್ತಿ ಕೂರಿಸಿದರೆ ಕೈಗೆ ಭಾರವೇ ಸಿಗುತ್ತಿರಲಿಲ್ಲ. ನನಗೆ ಹೆದರಿಕೆ ಹತ್ತಿತು. ಹೇಳಿದರೆ ನಂಬುವವರು, ನಂಬಿ ಅಳುವವರು ನನಗೆ ಗೊತ್ತಿದ್ದದ್ದು ಒಬ್ಬರೇ. ಅವರ ಹತ್ತಿರ ಹೋಗಿ ನನ್ನ ತಾಯಿ ಸತ್ತಳು ಎಂದು ಹೇಗೆ ಹೇಳಲಿ? ಆ ಕೆಲಸ ಆಗಲೇ ಮುಗಿಸಿದ್ದೆನಲ್ಲ. ಥೂ, ನನ್ನ ಬಾಳಿಗಿಷ್ಟು ಎಂದು ಫೋನು ಆರಿಸಿ ಅಕ್ಕಿ ಡಬ್ಬದ ಹಿಂದಕ್ಕೆ ತಳ್ಳಿಬಿಟ್ಟೆ.

ಇನ್ನು ಹೇಳುವುದನ್ನು ನೀವು ನಂಬಬೇಕೆಂದಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿದ್ದೆ. ಜಗುಲಿಯಿಂದ ಅವ್ವ ಕರೆದಳು. ಹೋದರೆ ತಾನಾಗಿ ಎದ್ದು ಕೂತು ಕೂದಲು ಗಂಟು ಹಾಕಿಕೊಳ್ಳುತ್ತಿದ್ದಳು.

‘ಯಾರೋ ಅತ್ರು ಪಾಪ. ಸೋರು ಹಾಕು, ಹಸಿತೈತೆ.’

ಯಾರು ಅಂದೆ. ಗೊತ್ತಿಲ್ಲ, ವಯಸ್ಸಾದ ಹೆಂಗಸಿನ ದನಿ ಅಂದಳು. ಏನು ಹೇಳಿ ಅತ್ತರು ಎಂದು ಕೇಳಿದೆ. ಅವ್ವ ಕೇಳಿದ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು: ‘ಮೈಥಿಲೀ, ನಿಮ್ಮಮ್ಮನ ಕೈಯಲ್ಲಿ ಒಂದು ತುತ್ತು ತಿನ್ನೋ ಭಾಗ್ಯ ನಂಗಿಲ್ದೇ ಹೋಯ್ತು ಕಣೇ.’ ಹುಟ್ಟಿದಾರಭ್ಯ ‘ಕಣೇ’ ಅಂದವಳಲ್ಲ ಅವಳು. ಆಮೇಲೆ ನನ್ನ ಮುಖ ನೋಡಿ, ‘ಮೈಥಿಲಿ ಯಾರು?’ ಅಂದಳು.

ಅನ್ನ ಬಡಿಸಿಟ್ಟು ಒಳಗೆ ಹೋಗಿ ಫೋನು ಹೊತ್ತಿಸಿದೆ. ಆ ಲೋಕದ ನನ್ನ ಮನೆಯ ಮೆಟ್ಟಿಲ ಮೇಲೆ ಸರಸಕ್ಕನ ಗೊಂಬೆ ಕೂತಿತ್ತು. ಪಕ್ಕದಲ್ಲಿ ಒಂದು ದನಿ ಸಂದೇಶ, ಆಗಷ್ಟೇ ಬಿಟ್ಟುಹೋದದ್ದು. ಊಟಕ್ಕೆ ಕೂತಿದ್ದರಂತೆ, ಯಾಕೋ ನೋಡದೇ ಇರುವ ನನ್ನ ತಾಯಿಯ ನೆನಪಾಗಿ ದುಃಖ ಒತ್ತರಿಸಿ ಬಂತಂತೆ. ಆಮೇಲೆ ಅಳುತ್ತಾ ಆಡಿದ್ದು ಅವ್ವ ಒಪ್ಪಿಸಿದ ಅದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಆರಿಸಿಟ್ಟ ಫೋನಿನೊಳಗಿನ ಮಾತು ಜಗುಲಿಯಲ್ಲಿ ಮಲಗಿದ್ದವಳಿಗೆ ಹೇಗೆ ಕೇಳಿಸಿತು?

ಹೊರಗೆ ಬಂದಾಗ ಅವ್ವ ಉಂಡು ಕೈ ತೊಳೆದಿದ್ದಳು. ‘ಅತ್ತವ್ರಿಗೆ ನಾ ಇವ್ನಿ ಅಂತ ಹೇಳ್ಬುಡು. ಪಾಪ, ಯಾರು ಪೆತ್ತವಳೋ, ಎದಕ್ಕೆ ಸುಮ್ಕೆ ಅಳ್ಸ್ಬೇಕು?’ ಅಂದಳು. ಮೈಥಿಲಿ ಯಾರೆಂದು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು.

ಸಂಜೆ ಜಗುಲಿಯಲ್ಲೇ ಕೂತು, ಇಯರ್‌ಫೋನ್ ಇಲ್ಲದೆ ಸರಸಕ್ಕನನ್ನು ಕರೆದೆ. ಮೈಸೂರಿನ ಕನ್ನಡ ಬಾಯಿಗೆ ಬರಲಿಲ್ಲ. ನಮ್ಮ ಮನೆಯ ಮಾತಿನಲ್ಲೇ ಹೇಳಿದೆ: ‘ಅಕ್ಕಾ, ನಮ್ಮವ್ವ ಸತ್ತಿಲ್ಲ. ಇಲ್ಲೇ ಕುಂತವ್ಳೆ. ನಾ ಮೈಥಿಲಿ ಅಲ್ಲ.’ ನನ್ನ ಹೆಸರು ಹೇಳಿದೆ, ಊರು ಹೇಳಿದೆ, ದಿಂಡಿಗಲ್ಲಿನ ಮದುವೆಯನ್ನೂ ಹೇಳಿದೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಅವರು ಬೈಯಲಿಲ್ಲ. ‘ಅವರ ಕೈಗೆ ಕೊಡಮ್ಮ’ ಅಂದರು, ಅಷ್ಟೇ. ಯಾವಾಗಲೂ ‘ಕಣೇ’ ಎಂದು ಸಲುಗೆಯಿಂದ ಮಾತಾಡಿಸುತ್ತಿದ್ದವರು.

ಅವ್ವ ಫೋನು ಹಿಡಿದು ನಮ್ಮ ಕನ್ನಡದಲ್ಲಿ, ತಮಿಳಿನಲ್ಲಿ, ಎರಡೂ ಸಾಲದಾದಾಗ ನಗುವಿನಲ್ಲಿ ಮಾತಾಡಿದಳು. ನೀವು ಅತ್ತದ್ದು ಕೇಳಿಸಿತು, ನಿಮ್ಮಿಂದ ಬದುಕಿದೆ ಅಂದಳು. ಆ ಕಡೆಯವರು ಮತ್ತೆ ಅತ್ತರು. ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಯಾವ ಮಾತನ್ನು ಮುಚ್ಚಿಡಲು ನಾನು ಅಷ್ಟೆಲ್ಲ ಮಾಡಿದ್ದೆನೋ ಅದರಿಂದ ಅವರಿಗೆ ಒಂದಿಷ್ಟೂ ತೊಂದರೆಯಾಗಲಿಲ್ಲ.

ಆ ಮಧ್ಯಾಹ್ನ ನಡೆದದ್ದೇನು ಎಂದು ತಿಳಿದವರನ್ನು ಕೇಳಿದ್ದೇನೆ. ಕಾಕತಾಳೀಯ ಅಂದರು ಕೆಲವರು. ನಿನ್ನ ಮಾತನ್ನೇ ಮುದುಕಿ ಕದ್ದು ಕೇಳಿರಬೇಕು ಅಂದರು ಇನ್ನು ಕೆಲವರು. ಹೆಸರನ್ನು ಕದ್ದು ಕೇಳಿರಬಹುದು, ಒಪ್ಪೋಣ. ಅವತ್ತಿನ ಮಾತನ್ನು ಎಲ್ಲಿಂದ ಕೇಳಿದಳು? ಯೋಚಿಸಿ ಯೋಚಿಸಿ ಸೋತಿದ್ದೇನೆ. ಅವ್ವನನ್ನು ಕೇಳಿದರೆ, ಅತ್ತರೆ ಕೇಳದೆ ಇರುತ್ತದಾ ಅನ್ನುತ್ತಾಳೆ.

ಅವ್ವ ಗಟ್ಟಿಯಾಗಿದ್ದಾಳೆ, ಸಂತೆಯಲ್ಲಿ ಜಗಳವನ್ನೂ ಆಡುತ್ತಾಳೆ. ನಾನು ಆ ಬೀದಿಗೆ ಮತ್ತೆ ಹೋಗಿಲ್ಲ. ಸರಸಕ್ಕ ಅವ್ವನ ಬಟನ್ ಫೋನಿನ ನಂಬರು ಕೇಳಿ ಬರೆದುಕೊಂಡಿದ್ದರು, ಬಿಡುವಾದಾಗಲೆಲ್ಲ ಮಾಡುತ್ತಾರೆ. ಇಬ್ಬರೂ ಸಾರಿನಿಂದ ಹಿಡಿದು ಮಂಡಿನೋವಿನವರೆಗೂ ಮಾತಾಡುತ್ತಾರೆ. ನಾನು ಒಳಗೆ ಪಾತ್ರೆಯ ಸದ್ದು ನಿಲ್ಲಿಸಿ ಕೇಳುತ್ತಾ ಇರುತ್ತೇನೆ. ಫೋನು ಇಟ್ಟ ಮೇಲೆ, ಏನೂ ಅಲ್ಲವೆಂಬಂತೆ, ನನ್ನ ವಿಷಯ ಏನಾದರೂ ಕೇಳಿದರಾ ಅನ್ನುತ್ತೇನೆ. ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ.

‘ಇಲ್ಲ ಪಾಪ’ ಅನ್ನುತ್ತಾಳೆ.