ಖಾಲಿ ಡಬ್ಬಿ ವಾಪಸ್ ಕೊಡಬಾರದು

ಎಲ್ಲರೂ ಎಲ್ಲರಿಗೂ ಈಮೇಲ್ ಫಾರ್ವರ್ಡ್ ಮಾಡುತ್ತಿದ್ದ ಕಾಲ ಅದು. ಸಣ್ಣ ವ್ಯಾಪಾರಿಗಳಿಗೆ ಹಾಗೆ ಹರಡುವ ಜಾಹೀರಾತು ಬರೆದುಕೊಡುವುದು ನನ್ನ ಕೆಲಸ. ಬೆಂಗಳೂರಿನ ಬಿಟಿಎಂ ಬಡಾವಣೆಯ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದ ಬಾಗಲಕೋಟೆ ಕಡೆಯ ಬಸವ್ವ ಅವರಿಗೆ ಉತ್ಸಾಹದಿಂದ ವಿವರಿಸಿದೆ: "ನೋಡಿ ಅಕ್ಕ, ಒಬ್ಬರು ಹತ್ತು ಜನಕ್ಕೆ ಕಳಿಸ್ತಾರೆ, ಆ ಹತ್ತು ಜನ ನೂರು ಜನಕ್ಕೆ."

ಅವರು ರೊಟ್ಟಿ ಬಡಿಯುತ್ತಲೇ ಕೇಳಿದರು: "ಕಳಸ್ತಾರ, ಖರೆ. ಆದ್ರ ಓದಿದವ್ರು ನಮ್ಮನಿ ತನಕ ಯಾಕ ಬರ್ತಾರ್ರೀ ಸರ?"

ನಾನು ಇಂಗ್ಲಿಷಿನಲ್ಲಿ ಏನೋ ಹೇಳಿ ತೇಲಿಸಿದೆ. ಅವರು ನಕ್ಕು, ಸ್ಟೀಲ್ ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ಕೊಟ್ಟರು. "ಡಬ್ಬಿ ಅಷ್ಟ ತಿರುಗಿ ಕೊಡ್ರಿ."

ಜಯನಗರದ ನಮ್ಮ ಮನೆಯಲ್ಲಿ ಪುಡಿ ಎರಡೇ ದಿನಕ್ಕೆ ಮುಗಿಯಿತು. ಡಬ್ಬಿ ಹಿಡಿದು ಹೊರಟವನನ್ನು ಹೆಂಡತಿ ತಡೆದಳು. "ಖಾಲಿ ಡಬ್ಬಿ ಯಾರಾದ್ರೂ ವಾಪಸ್ ಕೊಡ್ತಾರಾ?" ಕೋಡುಬಳೆ ತುಂಬಿಕೊಂಡು ತಾನೂ ಬಂದಳು. ಬಸವ್ವ ಅವರ ಮನೆಯಲ್ಲಿ ಆಗಲೇ ನಮ್ಮ ಹಾಗೆಯೇ ಡಬ್ಬಿ ತಿರುಗಿ ಕೊಡಲು ಬಂದ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬರ ಡಬ್ಬಿಯಲ್ಲಿ ಚಕ್ಕುಲಿ, ಇನ್ನೊಬ್ಬರದರಲ್ಲಿ ರವೆ ಉಂಡೆ. ಮೂವರೂ ವಾರಕ್ಕೆ ಇಷ್ಟು ರೊಟ್ಟಿ ಬೇಕೆಂದು ಹೇಳಿಯೇ ಎದ್ದರು.

ಹಟಕ್ಕೆ ಬಿದ್ದು ನಾನು ಕಳಿಸಿದ್ದ ರೊಟ್ಟಿ ಜಾಹೀರಾತಿನ ಮೇಲ್ ಮಾತ್ರ ಊರೆಲ್ಲ ಸುತ್ತಿ, ತಿಂಗಳಾದ ಮೇಲೆ ನನಗೇ ವಾಪಸ್ ಬಂತು. ಖಾಲಿ ಕೈಯಲ್ಲಿ.