ಕನಕರಾಯ ಕೈ ಇಡದ ಬೆನ್ನು

ಬಾಗಲವಾಡದ ಕನಕರಾಯನಿಗೆ ತಕ್ಕಡಿ ಬೇಕಿಲ್ಲ. ಕುರಿಯ ಬೆನ್ನಿನ ಮೇಲೆ ಅಂಗೈ ಇಟ್ಟು, ಉಣ್ಣೆಯೊಳಗೆ ಬೆರಳು ತೂರಿಸಿ, ಸೊಂಟದ ಹತ್ತಿರ ಒಮ್ಮೆ ಒತ್ತಿ, "ಇಪ್ಪತ್ತೆಂಟೂವರಿ ಕಿಲೋ" ಎಂದರೆ ಮುಗಿಯಿತು. ದೇವದುರ್ಗದ ಕುರಿ ಸಂತೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಕುರಿ ವ್ಯಾಪಾರಿ ವಲಿ ಪಾಷಾ ಹಟಕ್ಕೆ ಬಿದ್ದು ಐದು ಕುರಿ ತೂಗಿಸಿದ. ನಾಲ್ಕು ಸರಿಯಾಗಿ ಬಂದವು, ಒಂದರಲ್ಲಿ ಅರ್ಧ ಕಿಲೋ ವ್ಯತ್ಯಾಸ. ಆಗಲೂ ಕನಕರಾಯ, "ನಿನ್ನ ತಕ್ಕಡಿ ರಿಪೇರಿ ಮಾಡಿಸ್ಕೋ ಹೋಗು" ಅಂದನೇ ಹೊರತು ತನ್ನ ಕೈಯನ್ನು ಅನುಮಾನಿಸಲಿಲ್ಲ.

ನಾನು ವಿಶಾಖಾ. ರಾಯಚೂರಿನವಳು, ಮಾನ್ವಿ ತಾಲ್ಲೂಕಿನಲ್ಲಿ ಪಶುವೈದ್ಯೆ. ಹಳ್ಳಿಗಳಲ್ಲಿ ನನಗೆ ಬಾಯಿ ಜೋರು ಎಂಬ ಹೆಸರಿದೆ. ಸುಳ್ಳಲ್ಲ. ದನಕ್ಕೆ ಕಾಯಿಲೆ ಬಂದು ಎಂಟು ದಿನ ಆದ ಮೇಲೆ ಫೋನ್ ಮಾಡುವವರನ್ನು ನಾನು ಬಿಟ್ಟವಳೇ ಅಲ್ಲ. ಆದರೆ ಈ ಸಲ ಬೈಸಿಕೊಳ್ಳಬೇಕಾದವಳು ನಾನೇ ಆಗಿದ್ದೆ, ಬೈಯುವವರು ಮಾತ್ರ ಯಾರೂ ಇರಲಿಲ್ಲ.

ಕನಕರಾಯನ ಮನೆಯಲ್ಲಿ ಒಂದು ಕುದುರೆ ಇದೆ. ಕೆಂಚಿ. ಇಪ್ಪತ್ನಾಲ್ಕು ವರ್ಷದ ಹೆಣ್ಣು ಕುದುರೆ, ಗಿಡ್ಡ ಜಾತಿಯದು. ಕುರಿ ಹಿಂಡಿನ ಜತೆ ಊರೂರು ತಿರುಗುವ ದಿನಗಳಲ್ಲಿ ಗಂಡ ಹೆಂಡತಿಯ ಇಡೀ ಸಂಸಾರ ಅವಳ ಬೆನ್ನ ಮೇಲೆಯೇ ಇರುತ್ತಿತ್ತು. ಪಾತ್ರೆ, ಕಂಬಳಿ, ಜೋಳದ ಹಿಟ್ಟು, ನಡೆಯಲಾರದ ಎಳೆ ಮರಿಗಳನ್ನು ತುಂಬಿದ ಬಲೆ. ಪೋತ್ನಾಳದ ಭತ್ತದ ಗದ್ದೆಗಳಿಂದ ಯರಗೇರಾದ ಆಚೆಯವರೆಗೆ ಅವಳು ಮುಂದೆ, ಹೆಂಡತಿ ಬೂದೆಮ್ಮ ಹಗ್ಗ ಹಿಡಿದು ಪಕ್ಕದಲ್ಲಿ, ಕನಕರಾಯ ಕುರಿಗಳ ಹಿಂದೆ. ಎರಡು ವರ್ಷದ ಹಿಂದೆ ಸಾಮಾನು ಸಾಗಿಸಲು ಗೂಡ್ಸ್ ಆಟೋ ಬಂತು. ಕೆಂಚಿ ಅಂಗಳದ ಬೇವಿನ ಮರದ ಕೆಳಗೆ ನಿಂತಳು. ಮಾರಿಬಿಡು ಎಂದವರಿಗೆಲ್ಲ ಕನಕರಾಯ ಒಂದೇ ಮಾತು ಹೇಳುತ್ತಿದ್ದ: "ಭಾಳ ನಡದಾಳ. ಇನ್ನ ನಿಂತು ತಿನ್ನಲಿ."

ಫೆಬ್ರವರಿಯಲ್ಲಿ ಕುರಿಗಳಿಗೆ ಲಸಿಕೆ ಹಾಕಲು ಹೋಗಿದ್ದಾಗ ಅವನು ನನ್ನನ್ನು ಬೇವಿನ ಮರದ ಕಡೆ ಕರೆದುಕೊಂಡು ಹೋದ.

"ನೋಡ್ರಿ ಡಾಕ್ಟ್ರವ್ವಾ, ದುಡಿಮಿ ಬಿಟ್ಟ ಮ್ಯಾಲ ಹೆಂಗ ದುಂಡಗ ಆಗ್ಯಾಳ!"

ನಿಜವೇ. ಮೈತುಂಬ ದಟ್ಟ ಕೂದಲು, ದೊಡ್ಡ ಹೊಟ್ಟೆ. ಕರಡಿ ಮರಿಯ ಹಾಗೆ ಮುದ್ದಾಗಿ ಕಾಣುತ್ತಿದ್ದಳು. ನಾನು ನಾಲ್ಕು ಮಾರು ದೂರದಲ್ಲೇ ನಿಂತಿದ್ದೆ. ಬೀದರಿನಲ್ಲಿ ಓದುವಾಗ ಒಂದು ಕುದುರೆ ನನ್ನ ಮೊಣಕಾಲಿಗೆ ಒದ್ದಿತ್ತು; ಅಂದಿನಿಂದ ಕುದುರೆ ಎಂದರೆ ನನ್ನ ವೈದ್ಯಕೀಯವೆಲ್ಲ ದೂರದಿಂದಲೇ. ಅಲ್ಲಿಂದಲೇ ಅಪ್ಪಣೆ ಕೊಟ್ಟೆ.

"ಮೇವು ಅರ್ಧ ಮಾಡ್ರಿ ಯಪ್ಪಾ. ಮುದಿ ಕುದ್ರಿ ದಪ್ಪ ಆದ್ರ ಕಾಲು ಹಿಡೀತಾವ."

ಗೋಡೆಗೆ ಒರಗಿ ಕಂಬಳಿ ಹೊದ್ದು ಕುಳಿತಿದ್ದ ಬೂದೆಮ್ಮ ಮೆಲ್ಲಗೆ ಅಂದಳು: "ಅದರ ಕಣ್ಣು ಹಸದಂಗ ಕಾಣ್ತಾವಲ್ಲವ್ವಾ."

"ಯವ್ವಾ, ಕುದ್ರಿ ಯಾವಾಗ್ಲೂ ಹಂಗ ನೋಡ್ತಾವ" ಎಂದೆ. ಅವಳು ಕಂಬಳಿ ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ಓದಿದವಳು ಹೇಳಿದ ಮೇಲೆ ಇನ್ನೇನು ಹೇಳಿಯಾಳು?

ಏಪ್ರಿಲ್‌ನಲ್ಲಿ ಕನಕರಾಯನ ಫೋನ್ ಬಂತು. ಕೆಂಚಿ ಇಡೀ ದಿನ ಗೋಡೆಗೆ ಮೈ ಉಜ್ಜುತ್ತಾಳೆ, ಹತ್ತಿರ ಹೋದರೆ ನಾತ. ಹೋಗಿ ನೋಡಿದೆ. ರಾಯಚೂರು ಸೀಮೆಯ ಆ ಬಿಸಿಲಿನಲ್ಲಿ ಉಳಿದ ಪ್ರಾಣಿಗಳೆಲ್ಲ ಚಳಿಗಾಲದ ಕೂದಲು ಉದುರಿಸಿ ತಿಂಗಳಾಗಿತ್ತು. ಇವಳ ಮೈಮೇಲಿನ ಒಂದೆಳೆಯೂ ಕದಲಿರಲಿಲ್ಲ. ಬೆವರಿ ಒದ್ದೆಯಾಗಿದ್ದಳು, ನೊಣ ಮುತ್ತಿದ್ದವು. ಹೇನು ಇರಬೇಕೆಂದು ಔಷಧ ಸಿಂಪಡಿಸಿದೆ, ಅದೂ ದೂರದಿಂದಲೇ. ಹತ್ತು ದಿನವಾದರೂ ಕಡಿಮೆಯಾಗಲಿಲ್ಲ. ಕೂದಲು ತೆಗೆಯದೆ ಔಷಧ ಚರ್ಮಕ್ಕೆ ಮುಟ್ಟುವುದಿಲ್ಲ ಎಂದೆ.

"ಅದಕ್ಕೇನ್ರಿ, ಕತ್ತರಿ ಹಿಡಿಯೋ ಕೈಗೆ ಕುರಿ ಆದ್ರೇನು ಕುದ್ರಿ ಆದ್ರೇನು" ಎಂದು ಕನಕರಾಯ ಉಣ್ಣೆ ಕತ್ತರಿಸುವ ಕತ್ತರಿ ತಂದ.

ಕುದುರೆಗೆ ಉಣ್ಣೆ ಬಿಡಿಸುತ್ತಾರಂತೆ ಎಂದು ಅರ್ಧ ಓಣಿ ಬಂದು ನಿಂತಿತು. ಬಾಯಿಗೆ ಬಂದ ತಮಾಷೆ. ಇದರದ್ದೂ ಒಂದು ಕಂಬಳಿ ನೇಯಿಸೋ ಎಂದು ಒಬ್ಬ ಕೂಗಿದ. ಕನಕರಾಯನೂ ನಗುತ್ತಲೇ ಬಲಗಡೆಯ ಭುಜದಿಂದ ಶುರು ಮಾಡಿದ. ಮೊದಲ ಹಿಡಿ ಕೂದಲು ಹಕ್ಕಳೆ ಸಮೇತ ಕೆಳಗೆ ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಬೀಳುವ ಹೊತ್ತಿಗೆ ನಗು ನಿಂತಿತ್ತು.

ಕೂದಲಿನ ಕೆಳಗೆ ಕುದುರೆ ಇರಲಿಲ್ಲ.

ಇದನ್ನು ಹೇಗೆ ಹೇಳಲಿ? ಪಕ್ಕೆಲುಬು ಒಂದೊಂದೂ ಬೇರೆ ಬೇರೆಯಾಗಿ ಎದ್ದಿದ್ದವು. ಬೆನ್ನು ಮೂಳೆಯ ಎರಡೂ ಕಡೆ ಮಾಂಸವೇ ಇಲ್ಲದೆ ತಗ್ಗು ಬಿದ್ದಿತ್ತು. ಸೊಂಟದ ಮೂಳೆಯ ತುದಿಯಲ್ಲಿ ಚರ್ಮ ಸುಲಿದು ಹುಣ್ಣಾಗಿತ್ತು. ಹೊಟ್ಟೆಯೊಂದು ಮಾತ್ರ ಕೆಳಗೆ ಜೋತುಬಿದ್ದಿತ್ತು. ನಾವೆಲ್ಲ ಕೊಬ್ಬು ಎಂದುಕೊಂಡದ್ದು ಅದನ್ನೇ. ಎರಡು ತಿಂಗಳ ಹಿಂದೆ ಇದೇ ಪ್ರಾಣಿಗೆ ಮೇವು ಅರ್ಧ ಮಾಡಿ ಎಂದಿದ್ದೆ.

ಆ ಹೊತ್ತಿಗೆ ಸರಿಯಾಗಿ ವಲಿ ಪಾಷಾ ಬಂದ. ಅವನು ನಿಂತದ್ದು ಇನ್ನೂ ಕತ್ತರಿ ತಾಗದ ಎಡಗಡೆ. "ಏ ಕನಕಣ್ಣಾ, ಇಷ್ಟು ಚಂದ ಇದ್ದ ಕುದ್ರಿಗೆ ಯಾಕ ಬೋಳಸಾಕತ್ತಿ?" ಎನ್ನುತ್ತ ಈಚೆ ದಾಟಿ ಬಂದ. ಬಂದವನು ಬಾಯಿ ತೆರೆದದ್ದು ಮುಚ್ಚಲಿಲ್ಲ. ಮತ್ತೆ ಆಚೆ ಹೋಗಿ ನೋಡಿದ. ಆಚೆ ದುಂಡಗಿನ ಕುದುರೆ, ಈಚೆ ಮೂಳೆ. "ಯಾ ಅಲ್ಲಾ" ಎಂದವನೇ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕನಕರಾಯ ಕತ್ತರಿ ಕೆಳಗಿಟ್ಟ. ಅಂಗೈ ಚಾಚಿ ಕೆಂಚಿಯ ಬೆನ್ನ ಮೇಲೆ ಇಟ್ಟ. ಸಂತೆಯಲ್ಲಿ ಕುರಿಗೆ ಇಡುವ ಹಾಗೆಯೇ, ಸೊಂಟದ ಹತ್ತಿರ ಒಮ್ಮೆ ಒತ್ತಿದ. ಕೈ ಹಾಗೇ ನಿಂತಿತು.

"ಮಾರೋದಲ್ಲಲ್ಲ ಅಂತ ಈ ಕೈ ಇಟ್ಟೇ ಇಲ್ಲ" ಎಂದ. "ಊರಮಂದಿ ಕುರಿ ಎಲ್ಲಾ ಮುಟ್ಟಿ ನೋಡೀನಿ. ನನ್ನ ಮನ್ಯಾಗಿಂದು ಮುಟ್ಟಿಲ್ಲ."

"ಮೇವು ಕಮ್ಮಿ ಮಾಡ್ರಿ ಅಂದಾಕಿ ನಾನು ಯಪ್ಪಾ. ತಪ್ಪು ನಂದು."

"ನೀವು ದೂರ ನಿಂತು ಹೇಳಿದ್ರಿ. ನಾನು ದಿನಾ ಬಾಜೂಕ ಇದ್ನೆಲ್ರಿ."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ. ಆಗ ಬೂದೆಮ್ಮ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಒಂದು ರೊಟ್ಟಿ ತೆಗೆದಳು. ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿದ ರೊಟ್ಟಿ. ಕೆಂಚಿಯ ಬಾಯಿಗೆ ಕೊಡುತ್ತ, ತಪ್ಪು ಮಾಡಿದವಳ ಹಾಗೆ ನನ್ನನ್ನು ನೋಡಿದಳು. "ಎರಡು ತಿಂಗಳಿಂದ ದಿನಾ ನನ್ನ ಪಾಲಿಂದು ಹಾಕೀನವ್ವಾ. ಸಿಟ್ಟಾಗಬ್ಯಾಡ. ನನಗ ಹೆಂಗೂ ಸೇರಂಗಿಲ್ಲ."

ಸಿಟ್ಟೇ? ನಾನು ಅವಳ ಕಾಲಿಗೆ ಬೀಳಬೇಕಿತ್ತು. ಆ ರೊಟ್ಟಿ ಇಲ್ಲದಿದ್ದರೆ ಕೆಂಚಿ ಇಷ್ಟು ದಿನವೂ ಉಳಿಯುತ್ತಿರಲಿಲ್ಲ ಎಂದು ಎಲ್ಲರೆದುರು ಹೇಳಿದೆ. ಬೂದೆಮ್ಮನ ಮುಖ ಅರಳಿತು. ರೊಟ್ಟಿ ಕೊಡುವಾಗ ಅವಳ ಹಸಿರು ಬಳೆಗಳು ಮೊಣಕೈತನಕ ಜಾರಿದ್ದನ್ನು ನೋಡಿದೆ. ನೋಡಿದೆ, ಅಷ್ಟೆ.

ಅಂದು ಮೊದಲ ಬಾರಿ ಹೆದರಿಕೆ ಬಿಟ್ಟು ಕೆಂಚಿಯ ಬಾಯೊಳಗೆ ಕೈ ಹಾಕಿದೆ. ಹಿಂದಿನ ದವಡೆ ಹಲ್ಲುಗಳು ಅಂಕುಡೊಂಕಾಗಿ ಸವೆದು, ಅಂಚು ಚೂರಿಯಂತಾಗಿ ಕೆನ್ನೆಯ ಒಳಭಾಗವನ್ನು ಕೊಯ್ದಿದ್ದವು. ಗೋದಲಿಯ ಸುತ್ತ ಅರೆಬರೆ ಅಗಿದು ಉಗುಳಿದ ಮೇವಿನ ಉಂಡೆಗಳು ಬಿದ್ದಿದ್ದವು. ಕನಕರಾಯ ದಿನಾ ಬೆಳಿಗ್ಗೆ ಅವನ್ನು ಗುಡಿಸಿ ತಿಪ್ಪೆಗೆ ಹಾಕುತ್ತಿದ್ದನಂತೆ, ಹೊಟ್ಟೆ ತುಂಬಿ ಬಿಟ್ಟಿದ್ದಾಳೆ ಎಂದುಕೊಂಡು. ಬೀದರಿನ ನನ್ನ ಮೇಷ್ಟ್ರಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ಮುದಿ ಕುದುರೆಗಳಲ್ಲಿ ಮಿದುಳಿನ ಕೆಳಗಿನ ಒಂದು ಸಣ್ಣ ಗ್ರಂಥಿ ಹದ ತಪ್ಪುತ್ತದೆ. ಆಗ ಮೈ ಕೂದಲು ಉದುರಿಸುವುದನ್ನು ಮರೆಯುತ್ತದೆ, ಮಾಂಸ ಕರಗುತ್ತದೆ, ಚರ್ಮ ಕೊಳೆಯುತ್ತದೆ ಎಂದರು. "ಮೈ ಮುಟ್ಟಿ ನೋಡಿದ್ದರೆ ಚಳಿಗಾಲದಲ್ಲೇ ಗೊತ್ತಾಗುತ್ತಿತ್ತಲ್ಲಮ್ಮ" ಎಂದೂ ಸೇರಿಸಿದರು.

ಮೂರನೆಯ ದಿನ ಕೆಂಚಿ ಮಲಗಿದಳು. ಏಳಲು ನೋಡಿದಳು, ಮುಂಗಾಲು ಊರಿದಳು, ಕುಸಿದಳು. ಮಲಗಿದ ಕುದುರೆ ಹೊತ್ತಿಗೆ ಏಳದಿದ್ದರೆ ಮತ್ತೆ ಏಳುವುದಿಲ್ಲ. ಹೊಟ್ಟೆಯ ಕೆಳಗೆ ಗೋಣಿಚೀಲ ತೂರಿಸಿ ವಲಿ ಪಾಷಾ, ಕನಕರಾಯ, ಓಣಿಯ ಇನ್ನಿಬ್ಬರು ಎತ್ತಿದರು. ಬೂದೆಮ್ಮ ಮುಂದೆ ನಿಂತು ಹಗ್ಗ ಹಿಡಿದು, "ನಡಿಯವ್ವಾ, ಪೋತ್ನಾಳಕ್ಕ ಹೋಗೂಣು, ನಡಿ" ಎಂದಳು. ಕೆಂಚಿ ಕಿವಿ ನಿಮಿರಿಸಿದಳು. ಗಡಗಡ ನಡುಗುತ್ತ ನಿಂತಳು. ನಾನು ಅತ್ತೆ. ಅಳುವುದು ನನ್ನ ಜಾಯಮಾನವಲ್ಲ, ಆದರೂ ಅತ್ತೆ.

ಆಮೇಲಿನದು ದಿನದಿನದ ಕೆಲಸ. ಹಲ್ಲಿನ ಅಂಚುಗಳನ್ನು ಅರದಿಂದ ಉಜ್ಜಿ ಸಮ ಮಾಡಿದೆ. ಔಷಧದ ನೀರಿನಲ್ಲಿ ಮೈ ತೊಳೆದು, ಒರೆಸಿ, ಹುಣ್ಣಿಗೆ ಮುಲಾಮು. ಸಣ್ಣಗೆ ಕತ್ತರಿಸಿ ನೆನೆಸಿದ ಮೇವು, ತೌಡು, ಒಂದಿಷ್ಟು ಎಣ್ಣೆ, ದಿನಕ್ಕೆ ಐದು ಸಲ. ಮೇಷ್ಟ್ರು ಹೇಳಿದ ಮಾತ್ರೆ ರಾಯಚೂರಿನಿಂದ ನಾನೇ ತರುತ್ತಿದ್ದೆ. ಪ್ರತಿದಿನ ಬೆಳಿಗ್ಗೆ ಕನಕರಾಯ ಮುಖ ತೊಳೆಯುವ ಮುಂಚೆ ಕೆಂಚಿಯ ಬೆನ್ನಿಗೆ ಕೈ ಇಡುತ್ತಿದ್ದ. ಬಕೆಟ್ ಹೊರುವುದು, ತಿನ್ನಿಸುವುದು ಬೂದೆಮ್ಮನ ಪಾಲು. ಬಿಸಿಲಿನಲ್ಲೂ ಕಂಬಳಿ ಹೊದ್ದೇ ಓಡಾಡುತ್ತಿದ್ದಳು.

ಜೂನ್ ಕೊನೆಗೆ ನಾನು ಎದೆಯ ಸುತ್ತ ಟೇಪು ಹಿಡಿದು ಲೆಕ್ಕ ಹಾಕಿದೆ. ಇಪ್ಪತ್ತೈದು ಕಿಲೋ ಏರಿತ್ತು. ಹುಣ್ಣು ಮಾಯ್ದು, ಗಿಡ್ಡ ಕೆಂಪು ಕೂದಲು ಮೂಡಿತ್ತು. "ಉಳಿದಳು ಯಪ್ಪಾ" ಎಂದೆ. ಕನಕರಾಯ ನನಗೆ ಕೈ ಮುಗಿದ. ನನಗೆ ನಾಚಿಕೆಯಾಯಿತು.

ಅದೇ ಹೊತ್ತಿಗೆ ಬೂದೆಮ್ಮ ಮೇವಿನ ಬಕೆಟ್ ಎತ್ತಿ ಬರುತ್ತ ಮುಗ್ಗರಿಸಿದಳು. ಬೀಳುವವಳನ್ನು ಕನಕರಾಯ ಹಿಂದಿನಿಂದ ಹಿಡಿದ. ಕಂಬಳಿ ಜಾರಿತು. ಅವನ ಅಂಗೈ ಅವಳ ಬೆನ್ನ ಮೇಲಿತ್ತು. ಬಿಡಬೇಕಾದ ಕೈ ಬಿಡಲಿಲ್ಲ. ಬೆರಳುಗಳು ಮೆಲ್ಲಗೆ ಬೆನ್ನುಮೂಳೆಯ ಪಕ್ಕಕ್ಕೆ ಸರಿದವು, ಸೊಂಟದ ಹತ್ತಿರ ಒಮ್ಮೆ ಒತ್ತಿದವು. ಕತ್ತರಿ ಕೆಳಗಿಟ್ಟ ದಿನ ಅವನ ಮುಖ ಹೇಗಿತ್ತೋ, ಹಾಗೇ ಆಯಿತು.

"ಮೂವತ್ನಾಕು" ಎಂದ.

"ಏನು ಮೂವತ್ನಾಕು? ಬಿಡ್ರಿ, ಡಾಕ್ಟ್ರವ್ವ ನೋಡಾಕತ್ತಾಳ" ಎಂದು ಬೂದೆಮ್ಮ ಸೆರಗು ಎಳೆದುಕೊಂಡಳು. "ನಾನೇನು ಕುರಿ ಏನ್ರಿ?"

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ರಾಯಚೂರಿಗೆ ಹೋದೆವು. ದಾರಿಯುದ್ದಕ್ಕೂ ಬೂದೆಮ್ಮ ಕೆಂಚಿಯ ಮಧ್ಯಾಹ್ನದ ಮೇವಿನ ಚಿಂತೆಯನ್ನೇ ಮಾಡಿದಳು. ಆಸ್ಪತ್ರೆಯಲ್ಲಿ ನರ್ಸ್ ಕಂಬಳಿ ತೆಗೆಸಿ ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ನಾನು ಬಗ್ಗಿ ನೋಡಿದೆ. ಕನಕರಾಯ ನೋಡಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಿದ್ದ.

"ಈ ಒಂದು ಸಲ ನನ್ನ ಕೈ ತಪ್ಪ್ಯದ ಅಂತ ಹೇಳ್ರಿ ಡಾಕ್ಟ್ರವ್ವಾ" ಎಂದ.

ಮುಳ್ಳು ಮೂವತ್ನಾಲ್ಕರ ಮೇಲೆ ನಿಂತಿತ್ತು.