ಕುರುಗೋಡಿನ ದಾರಿಯಲ್ಲಿ ಹಸಿ ಡಾಂಬರು

ಬಳ್ಳಾರಿಯಿಂದ ಕುರುಗೋಡಿಗೆ ಹೊರಟ ನಮ್ಮ ಬಸ್ಸು ಮಟಮಟ ಮಧ್ಯಾಹ್ನ ಇಂಜಿನ್ ಕಾದು ದಾರಿಯಲ್ಲೇ ನಿಂತಿತು. ಇಳಿದು ನೋಡಿದರೆ, ಪಾದ ಸುಡದಂತೆ ಗೋಣಿತಟ್ಟು ಸುತ್ತಿಕೊಂಡ ಹೆಂಗಸರು ರಸ್ತೆಯ ಗುಂಡಿಗಳಿಗೆ ಡಾಂಬರು ಹಾಕುತ್ತಿದ್ದರು. ಈರಣ್ಣ ಎಂಬ ಮೇಸ್ತ್ರಿ, ಆಗಷ್ಟೇ ಮುಗಿದ ತೇಪೆಯನ್ನು ರೊಟ್ಟಿ ಬೆಂದಿದೆಯೇ ಎಂದು ನೋಡುವವರ ಹಾಗೆ ಬೆರಳಿನಿಂದ ಒತ್ತಿ ನೋಡುತ್ತಿದ್ದ.

“ಡ್ಯಾಮ್ ಕಟ್ಟಾಕ ಹತ್ತಿದಾಗಿಂದ ಲಾರಿ ಭಾಳ. ಹೋದ ವರ್ಷದ ರಸ್ತಿ ಆಗ್ಲೇ ಮುದಿ ಆಗೈತ್ರಿ,” ಎಂದ.

ಅಷ್ಟರಲ್ಲಿ ಒಂದು ಲಾರಿ ಏದುಸಿರು ಬಿಡುತ್ತ ಬಂತು. ಹೇರಿದ ಮಾಲಿನ ಭಾರಕ್ಕೆ ಅದರ ಸ್ಪ್ರಿಂಗುಗಳು ಪೂರ್ತಿ ಕೂತುಬಿಟ್ಟಿದ್ದವು.

“ತಡೀರಿ, ಇನ್ನಾ ಹಸಿ ಐತಿ!” ಈರಣ್ಣ ಕೈಯೆತ್ತಿ ಕೂಗಿದ. ಆ ಭಾರಕ್ಕೆ ಬ್ರೇಕು ಹಿಡಿಯಲಿಲ್ಲ. ಲಾರಿ ಹೊಸ ತೇಪೆಯಲ್ಲಿ ಎರಡು ಕಾಲುವೆ ತೋಡಿಯೇ ನಿಂತಿತು.

ಡ್ರೈವರ್ ಇಳಿದು ಬಂದು ತಲೆಯ ರುಮಾಲು ತೆಗೆದ. “ತಪ್ಪಾತ್ರಿ ಮೇಸ್ತ್ರಿ. ಎರಡು ಲಾರಿ ಮಾಲು ಒಂದರಾಗ ಹೇರ್ಯಾರ. ಬ್ಯಾಡಂದ್ರ ಕೆಲಸ ಹೋಗತೈತಿ.”

“ಏನ್ ಮಾಲು?”

“ಜಲ್ಲಿರಿ. ಇದೇ ರಸ್ತಿ ರಿಪೇರಿಗೆ. ಕುರುಗೋಡ ಹತ್ರ ಇಳಸಬೇಕು.”

ಇನ್ನೇನು ಬೈಗುಳ ಬೀಳುತ್ತದೆಂದು ಕಾದೆ. ಈರಣ್ಣ ಡ್ರೈವರನ ಮುಖ ನೋಡಿದ, ಕುಡಿಯುವ ನೀರಿನ ತಂಬಿಗೆಯನ್ನು ಅವನ ಕೈಗಿಟ್ಟ. ಆಮೇಲೆ ಹೆಂಗಸರತ್ತ ತಿರುಗಿದ.

“ಬುಟ್ಟಿ ತರ್ರಿ ಯವ್ವಾ. ಅರ್ಧ ಇಲ್ಲೇ ಇಳಸ್ರಿ. ಈಗ ಇಲ್ಲೇ ಬೇಕಾತಲ್ಲ.”